ಎಲ್ ನಿನೊ ಒಂದರಿಂದಲೇ ನಮ್ಮ ಮಳೆ ನಿರ್ಧಾರವಾಗದು

ಮಾನ್ಯ ಸಂಪಾದಕರೇ,

ಬೇಸಿಗೆ ಮುಗಿಯುವ ಮೊದಲೇ ‘ಈ ಸಲ ಎಲ್ ನಿನೊ, ಮಳೆ ಕೊರತೆ ಖಚಿತ’ ಎಂಬ ಧಾಟಿಯ ಸುದ್ದಿಗಳು ಪತ್ರಿಕೆಗಳಲ್ಲಿ ಬರುವುದು ರೂಢಿಯಾಗಿದೆ. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರನಾದ ನಾನು ಅಂಗಳದ ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕೊಳೆರೋಗದ ಔಷಧಿಗೆ ಮೈಲುತುತ್ತ ಎಷ್ಟು ತರಬೇಕು, ಗದ್ದೆಗೆ ಸಸಿಮಡಿ ಯಾವಾಗ ಮಾಡಬೇಕು ಎಂಬುದನ್ನೆಲ್ಲ ಇಂಥ ಸುದ್ದಿ ನೋಡಿ ತೀರ್ಮಾನಿಸುವವರು ನಮ್ಮೂರಿನಲ್ಲಿ ಬಹಳ ಮಂದಿ ಇರುವುದರಿಂದ ಈ ಪತ್ರ.

ಎಲ್ ನಿನೊ ಪ್ರಭಾವ ಸುಳ್ಳಲ್ಲ. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಬಿಸಿನೀರನ್ನು ಪೂರ್ವದ ಗಾಳಿ ಇಂಡೊನೇಷ್ಯಾದ ಕಡೆಗೆ ಒತ್ತಿಡುತ್ತದೆ. ಆ ಗಾಳಿ ಸೋತು ಬಿಸಿನೀರು ಪೂರ್ವಕ್ಕೆ ಹರಡುವುದೇ ಎಲ್ ನಿನೊ. ಆಗ ಮೋಡ ಕಟ್ಟುವ ಮೇಲ್ಮುಖ ಗಾಳಿಯೂ ಅದರೊಡನೆ ಅತ್ತ ಸರಿಯುತ್ತದೆ, ನಮ್ಮ ಕಡೆ ಗಾಳಿ ಕೆಳಗಿಳಿದು ಮೋಡ ಬೆಳೆಯದಂತಾಗುತ್ತದೆ. 2023ರ ಆಗಸ್ಟ್ ಇದಕ್ಕೆ ಸಾಕ್ಷಿ. ದೇಶದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಮಘಾ ಮಳೆಯ ದಿನಗಳಲ್ಲಿ ನನ್ನ ನೋಟ್‌ಬುಕ್ಕಿನ ಪುಟದಲ್ಲಿ ಸೊನ್ನೆಗಳೇ ಸಾಲಾಗಿ ನಿಂತಿದ್ದವು. ಮಲೆನಾಡಿನಲ್ಲಿ ಅದನ್ನು ಬರೆಯುವಾಗ ಕೈ ತಡೆಯುತ್ತದೆ.

ಆದರೆ 1997ರಲ್ಲಿ ಅತಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಸುರಿಯಿತು. ಆ ವರ್ಷ ಹಿಂದೂ ಮಹಾಸಾಗರದ ಆಫ್ರಿಕಾ ಬದಿಯ ನೀರು ಬಿಸಿಯೇರಿ ಸುಮಾತ್ರಾ ಬದಿಯದು ತಣ್ಣಗಿತ್ತು. ‘ಹಿಂದೂ ಮಹಾಸಾಗರದ ದ್ವಿಧ್ರುವ’ ಎನ್ನುವ ಈ ಏರುಪೇರು ಧನಾತ್ಮಕವಾಗಿದ್ದರೆ ಮುಂಗಾರಿಗೆ ಬಲ ಬರುವುದುಂಟು. 2019ರಲ್ಲೂ ಅದು ಪ್ರಬಲವಾಗಿತ್ತು. ಜೂನ್‌ನಲ್ಲಿ ಕೈಕೊಟ್ಟ ಮಳೆ ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಕೊಡಗಿನವರೆಗೆ ನೆರೆ ತಂದಿತು. ಒಂದೇ ಸಾಗರದ ಹೆಸರು ಹಿಡಿದು ರೈತನಿಗೆ ಭವಿಷ್ಯ ಹೇಳುವುದು ಸರಿಯಲ್ಲ ಎನ್ನಲು ಈ ಎರಡು ವರ್ಷಗಳೇ ಸಾಕು.

ಸಮುದ್ರ ಕೊಟ್ಟದ್ದನ್ನು ಹಂಚುವುದು ಬೆಟ್ಟ. ಅರಬ್ಬಿ ಸಮುದ್ರದ ಆವಿ ಹೊತ್ತ ಗಾಳಿ ಘಟ್ಟ ಏರುವಾಗ ತಣಿದು ನೀರಿಳಿಸುತ್ತದೆ, ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನೇರ ಗೆರೆಯಲ್ಲಿ ಇನ್ನೂರು ಕಿ.ಮೀ. ಕೂಡ ದೂರವಿಲ್ಲದ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸಿನಲ್ಲಿದೆ. ಹೀಗಿರುವಾಗ ‘ರಾಜ್ಯದಲ್ಲಿ ವಾಡಿಕೆಗಿಂತ ಶೇ ಇಷ್ಟು ಕಡಿಮೆ’ ಎಂಬ ಸರಾಸರಿ ಯಾರ ಹೊಲಕ್ಕೂ ಸೇರಿದ್ದಲ್ಲ.

ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದನ್ನೂ ಮರೆಯಬಾರದು. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿದಿಡಬಲ್ಲದು. ಆದ್ದರಿಂದ ಸುರಿದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. ಹದಿನೈದು ದಿನ ಹದವಾಗಿ ಬಿದ್ದ ಮಳೆಯೂ ಎರಡೇ ದಿನದಲ್ಲಿ ಕೊಚ್ಚಿ ಹೋದ ಮಳೆಯೂ ಒಟ್ಟು ಲೆಕ್ಕದಲ್ಲಿ ಒಂದೇ, ಭತ್ತದ ಸಸಿಗೆ ಒಂದೇ ಅಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ಮುಂಗಾರಿನ ನಾಲ್ಕು ತಿಂಗಳು ವಾರಕ್ಕೊಮ್ಮೆಯಾದರೂ ಪೆಸಿಫಿಕ್, ಹಿಂದೂ ಮಹಾಸಾಗರ ಮತ್ತು ಅರಬ್ಬಿ ಸಮುದ್ರದ ಸ್ಥಿತಿಯನ್ನು ಒಟ್ಟಿಗೆ ತಿಳಿಸುವ ಪುಟ್ಟ ಅಂಕಣ ಪ್ರಕಟಿಸಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಜಿಲ್ಲಾ ಪುಟಗಳಲ್ಲಿ ಹೋಬಳಿವಾರು ಮಳೆಯ ಜೊತೆಗೆ, ಎಷ್ಟು ದಿನ ಮಳೆ ಬಂತು ಎಂಬ ಲೆಕ್ಕವನ್ನೂ ಕೊಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು