ಮೂರು ವರ್ಷ ಬರಲ್ಲ ಅಂದೆಯಲ್ಲ, ಆ ಮಾತಿಗೆ

ಪ್ರೀತಿಯ ಮಗಳೇ,

ಈ ಪತ್ರವನ್ನು ನಿನ್ನ ಹಸಿರು ಫೈಲಿನ ಕೊನೆಯ ಕವರಿನಲ್ಲಿ ಇಟ್ಟಿದ್ದೇನೆ. ಶಂಷಾಬಾದ್ ಏರ್‌ಪೋರ್ಟಿನಲ್ಲಿ ಕಾಗದ ತೋರಿಸುವಾಗ ಸಿಗಬಹುದು, ಇಲ್ಲವಾದರೆ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋದ ಮೇಲೆ. ಎದುರಿಗೆ ಹೇಳಲು ಹೋದರೆ ಮೊನ್ನೆಯ ಹಾಗೆ ಮಾತಿಗೆ ಮಾತು ಬೆಳೆಯುತ್ತೆ, ನಿಮ್ಮಪ್ಪ ಎದ್ದು ಹೊರಗೆ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನಾನು ಕೇಳಿದ್ದು ಒಂದೇ. ಅಲ್ಲಿನ ಆಸ್ಪತ್ರೆಯವರು ಕಳಿಸಿದ ಕರಾರಿನಲ್ಲಿ, ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಹಣ ವಾಪಸ್ ಕಟ್ಟಬೇಕು ಅಂತ ಇದೆಯಲ್ಲ, ಎಷ್ಟು ಕಟ್ಟಬೇಕು? ನೀನು ಫೋನ್ ನೋಡುತ್ತಾ ಹೇಳಿದೆ: 'ಬಿಟ್ಟರೆ ತಾನೇ ಕಟ್ಟೋದು? ಇಷ್ಟು ಖರ್ಚಾದ ಮೇಲೆ ಏನೇ ಆಗಲಿ, ಮೂರು ವರ್ಷ ನಾನು ಬರಲ್ಲ ಅವ್ವಾ.' ನಿಮ್ಮಪ್ಪನಿಗೆ ಅದು ಧೈರ್ಯದ ಮಾತಾಗಿ ಕೇಳಿಸಿತು. ನನಗೆ ಕೈಕಾಲು ತಣ್ಣಗಾದವು. ಈ 'ಏನೇ ಆಗಲಿ' ಅನ್ನೋದನ್ನು ನೀನು ಹಿಂದೆ ಒಂದು ಸಲ ಮಾಡಿ ತೋರಿಸಿದ್ದೀ. ನಾನು ಕಣ್ಣಾರೆ ನೋಡಿದ್ದೇನೆ.

ರಾಯಚೂರಿನ ಆ ಆಸ್ಪತ್ರೆಯಲ್ಲಿ ನೀನು ಕೆಲಸಕ್ಕೆ ಸೇರಿದ ಹೊಸತು. ಹಬ್ಬಕ್ಕೂ ಬಂದಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದೆ. ನೀನು ವಾರ್ಡಿನಲ್ಲಿದ್ದೆ. ಮುದುಕಿಯೊಬ್ಬಳಿಗೆ ಡ್ರಿಪ್ ಹಾಕುತ್ತಿದ್ದೆ. ಬಾಟಲಿ ಏರಿಸಲು ಕೈ ಎತ್ತಿದಾಗ ಕೋಟಿನ ತೋಳು ಸರಿಯಿತು. ನಿನ್ನದೇ ಎಡಗೈಯಲ್ಲಿ ಡ್ರಿಪ್ ಹಾಕುವ ಸೂಜಿ, ಕ್ಯಾನುಲಾ, ಇತ್ತು. ಮೇಲೆ ಬಿಳಿ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಒಣಗಿದ ರಕ್ತ. ಟೈಫಾಯಿಡ್ ಅಂತೆ. ಡ್ಯೂಟಿ ಮುಗಿದ ಮೇಲೆ ನೀನೂ ಒಂದು ಬಾಟಲಿ ಹಾಕಿಕೊಂಡು ಮಲಗುವುದು, ಎದ್ದು ಮತ್ತೆ ಡ್ಯೂಟಿಗೆ ಹೋಗುವುದು. ನನ್ನನ್ನು ನೋಡಿದ ಕೂಡಲೇ ತೋಳು ಎಳೆದುಕೊಂಡೆ. 'ಊಟ ಆಯ್ತಾ ಅವ್ವಾ' ಅಂದೆ.

ನಾನು ಆಶಾ ಕಾರ್ಯಕರ್ತೆ. ರಾತ್ರಿ ಎರಡು ಗಂಟೆಗೆ ಬಸುರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು, ರಕ್ತ ನೋಡಿ ಹೆದರುವವಳಲ್ಲ. ಆ ಪಟ್ಟಿ ಮಾತ್ರ ಇವತ್ತಿಗೂ ಕಣ್ಣಿನ ಮುಂದೆ ಬರುತ್ತೆ. ಮನೆಗೆ ಬಾ ಅಂದರೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಎಸ್ಸೆಸ್ಸೆಲ್ಸಿಯಿಂದ ಹಿಡಿದು ನರ್ಸಿಂಗ್‌ವರೆಗಿನ ಎಲ್ಲ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಕಪಾಟಿನಲ್ಲಿದ್ದವು. ನಡುವೆ ಬಿಟ್ಟರೆ ಮೂರು ತಿಂಗಳ ಸಂಬಳ ಕಟ್ಟಿ ಬಿಡಿಸಿಕೋ ಅಂದಿದ್ದರು. ಸಂಬಳವಾದರೂ ಎಷ್ಟಿತ್ತು? ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿಯೊಂದು, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಇರಬಾರದು ಅಂತ ಶಿಫಾರಸು ಮಾಡಿತ್ತು. ನಿನ್ನ ಕೈಗೆ ಬರುತ್ತಿದ್ದದ್ದು ಅದರ ಅರ್ಧ.

ನನ್ನ ಸಂಕಟ ಆಸ್ಪತ್ರೆಯವರ ಮೇಲಿನ ಸಿಟ್ಟಿಗಿಂತ ದೊಡ್ಡದು. ನೀನು ನಮಗೆ ಹೇಳಲಿಲ್ಲವಲ್ಲ. ಫೋನಿನಲ್ಲಿ ದಿನಾ 'ಆರಾಮ್ ಇದ್ದೀನಿ' ಅಂದೆ. ಕೈಯಲ್ಲಿ ಸೂಜಿ ಇಟ್ಟುಕೊಂಡು ಆರಾಮ್ ಇದ್ದೀನಿ ಅಂದೆ. ಹತ್ತಿರದ ರಾಯಚೂರಿನಿಂದಲೇ ನಿನ್ನ ಕೈ ನನಗೆ ಕಾಣಲಿಲ್ಲ. ಇಂಗ್ಲೆಂಡಿನಿಂದ ಹೇಗೆ ಕಾಣುತ್ತೆ? ವಿಡಿಯೋ ಕಾಲಿನಲ್ಲಿ ನೀನು ಮುಖ ಅಷ್ಟೇ ತೋರಿಸುತ್ತೀ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ನಿನ್ನ ತಲೆಯಲ್ಲಿ ಕೂತಿರುವುದು ಅದೇ ಅಂತ ಗೊತ್ತು. ಇಂಗ್ಲಿಷ್ ಪರೀಕ್ಷೆಗೆ ಒಂದು ಸಲಕ್ಕೆ 15 ಸಾವಿರದ ಮೇಲೆ. ಓದುವುದು, ಕೇಳುವುದು, ಮಾತಾಡುವುದು ಮೂರಕ್ಕೂ 7 ಬರಬೇಕು, ಬರೆಯುವುದಕ್ಕೆ 6.5. ಬರವಣಿಗೆಯಲ್ಲಿ ಅರ್ಧ ಅಂಕ ತಪ್ಪಿ ಮತ್ತೆ ಫೀಸು ಕಟ್ಟಿದೆವು. ಹೈದರಾಬಾದಿನಲ್ಲಿ ಕೋಚಿಂಗ್, ಪಿ.ಜಿ. ಬಾಡಿಗೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಗೆ ಅರ್ಜಿಗೆ 140 ಪೌಂಡ್, ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಗೆ 83 ಪೌಂಡ್. ರಾಜೀವ್ ಗಾಂಧಿ ವಿವಿಯ ಟ್ರಾನ್ಸ್‌ಕ್ರಿಪ್ಟ್, ನಮ್ಮ ರಾಜ್ಯ ನರ್ಸಿಂಗ್ ಕೌನ್ಸಿಲಿನ ದೃಢೀಕರಣ, ಅದಕ್ಕೆಲ್ಲ ಬೆಂಗಳೂರಿಗೆ ಓಡಾಟ. ವೀಸಾಕ್ಕೆ ಮೊದಲು ಬ್ರಿಟನ್ನಿನವರು ಒಪ್ಪಿದ ಕ್ಲಿನಿಕ್ಕಿನಲ್ಲೇ ಟಿ.ಬಿ. ಪರೀಕ್ಷೆ. ಇದರ ನಡುವೆ ಕೆಲಸ ಬಿಟ್ಟಿದ್ದ ತಿಂಗಳುಗಳ ಸಂಬಳ ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿದಿದ್ದೇನೆ. ಅದಕ್ಕೇ ನನ್ನ ಬೋರಮಾಳ ಸರ ಸೊಸೈಟಿಯಲ್ಲಿ ಅಡವಿದೆ.

ಅದು ಅಲ್ಲೇ ಇರಲಿ. ಎಡದಂಡೆ ನಾಲೆಯ ನೀರು ಕೊನೆ ಭಾಗದ ನಮ್ಮ ಹೊಲಕ್ಕೆ ಬಾರದ ವರ್ಷಗಳಲ್ಲಿ ಅದು ಎಷ್ಟೋ ಸಲ ಸೊಸೈಟಿಗೆ ಹೋಗಿ ಬಂದಿದೆ. 2024ರಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತ್ತಲ್ಲ, ಆ ದಿನವನ್ನೂ ಕಳೆದಿದ್ದೇವೆ. ಸರ ಬಿಡಿಸಿಕೊಳ್ಳುವುದು ನಮಗೆ ಗೊತ್ತು. ಅದು ನಿನ್ನ ತಲೆನೋವಲ್ಲ.

ಕಂತಿನ ಸಾಲದವರ ಹತ್ತಿರ ಮಾತ್ರ ಹೋಗಲಿಲ್ಲ. ಸರ್ವೆಗೆ ಹೋದಾಗ ಎಷ್ಟು ಮನೆಗೆ ಬೀಗ ನೋಡಿದ್ದೇನೆ. ವಾರದ ಕಂತಿಗೆ ಹೆದರಿ ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ಸೇರಿದವರು. ಅವರ ಕಾಟ ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಇದ್ದವರ ಬಾಯಿ ಕಟ್ಟಿರುತ್ತೆ, ಬೈದರೂ ಸುಮ್ನಿರುತ್ತಾರೆ. ನೀನು ಹಾಗಾಗಬಾರದು ಅನ್ನೋದಷ್ಟೇ ನನ್ನ ಮಾತು. ಉಳಿದದ್ದೆಲ್ಲ ಅದರ ಸುತ್ತಲೇ.

ಒಂದು ವಿಷಯಕ್ಕೆ ನಿನ್ನ ಮೇಲೆ ನನಗೆ ತುಂಬಾ ಹೆಮ್ಮೆ ಇದೆ, ಮೊನ್ನೆ ಜಗಳದಲ್ಲಿ ಹೇಳಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಆ ಏಜೆಂಟ್ 4 ಲಕ್ಷ ಕೇಳಿದಾಗ ನಿಮ್ಮಪ್ಪ, ಮಾವ ಇಬ್ಬರೂ ಕೊಡೋಣ ಅಂದರು. ನೀನೇ ಬೇಡ ಅಂದೆ. 1983ರ ವಲಸೆ ಕಾಯ್ದೆ ಪ್ರಕಾರ ನೋಂದಾಯಿತ ಏಜೆಂಟ್ ಕೂಡ 30 ಸಾವಿರ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ ಅಂತ ತೋರಿಸಿದೆ. ನರ್ಸ್‌ಗಳಿಂದ ನೇಮಕಾತಿ ಫೀಸು ಪಡೆಯಬಾರದು ಅನ್ನೋ ಬ್ರಿಟನ್ ಸರ್ಕಾರದ ನಿಯಮವನ್ನೂ ಓದಿ ಹೇಳಿದೆ. 2015ರಲ್ಲಿ ಕೇರಳದ ಏಜೆನ್ಸಿಯೊಂದು ಕುವೈತ್ ಕೆಲಸಕ್ಕೆ 19,500 ರೂಪಾಯಿ ಬದಲು 19.5 ಲಕ್ಷ ವಸೂಲಿ ಮಾಡಿ ಸಿಕ್ಕಿಬಿದ್ದ ಸುದ್ದಿಯನ್ನು ಮಾವನ ಮುಂದೆ ಇಟ್ಟಾಗ ಅವರು ಬಾಯಿ ಮುಚ್ಚಿದರು. ನಮ್ಮ ಭಾಗದ 371ಜೆ ಮೀಸಲಾತಿ ಇಲ್ಲದಿದ್ದರೆ ಸೀಟೇ ಸಿಗುತ್ತಿರಲಿಲ್ಲ ಅಂತ ಆಡಿಕೊಂಡವರಿದ್ದಾರೆ. ಆ ಸೀಟಿನಲ್ಲಿ ಕೂತು ಓದಿದ ಹುಡುಗಿ ಕಾನೂನು ಓದಿ ಅಪ್ಪನ 4 ಲಕ್ಷ ಉಳಿಸಿದಳು.

ಅಷ್ಟು ಓದಿದವಳು ನಿನ್ನ ಕರಾರನ್ನೇ ಯಾಕೆ ಪೂರ್ತಿ ಓದಲಿಲ್ಲ? ನಿನ್ನ ತಮ್ಮ ಕೂತು ನನಗೆ ಓದಿ ಹೇಳಿದ. ವಿಮಾನದ ಟಿಕೆಟ್, ವೀಸಾ, ಅಲ್ಲಿ ನರ್ಸಿಂಗ್ ಕೆಲಸ ಮಾಡಿ ತೋರಿಸುವ ಆಸ್ಕಿ ಪರೀಕ್ಷೆಯ ಫೀಸು ಅವರೇ ಕೊಡುತ್ತಾರೆ, ಬಿಟ್ಟರೆ ವಾಪಸ್ ಕಟ್ಟಬೇಕು. ಆಸ್ಕಿಗೇ 794 ಪೌಂಡ್, ನಮ್ಮ ದುಡ್ಡಿನಲ್ಲಿ 80 ಸಾವಿರ ದಾಟುತ್ತೆ. ಇಂಥ ಷರತ್ತು ಹಾಕಿದರೆ ಮೊತ್ತ ನ್ಯಾಯವಾಗಿರಬೇಕು, ಕೆಲಸ ಮಾಡಿದಷ್ಟೂ ಕಡಿಮೆಯಾಗುತ್ತಾ ಹೋಗಬೇಕು ಅಂತ ಅಲ್ಲಿನ ನಿಯಮಾವಳಿಯಲ್ಲೇ ಇದೆಯಂತೆ. ನಿನ್ನ ಕಾಗದದಲ್ಲಿ ಯಾವ ತಿಂಗಳಿಗೆ ಎಷ್ಟು ಅಂತ ಬರೆದಿಲ್ಲ. ಕೇಳು. ಇಮೇಲ್‌ನಲ್ಲಿ ಕೇಳು, ಬರಹದಲ್ಲೇ ಉತ್ತರ ತಗೋ. ಹೊಸಬಳು, ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನಬೇಡ. ನನ್ನ ಜೊತೆಗಿನ ಆಶಾಗಳು ಗೌರವಧನ ಕೇಳಲು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದವರು. ಕೇಳದೆ ಯಾರೂ ಕೊಡಲಿಲ್ಲ.

ಆಸ್ಕಿಯಲ್ಲಿ ಫೇಲಾದರೆ ಅಂತ ನೀನು ರಾತ್ರಿ ನಿದ್ದೆಯಲ್ಲೂ ಬಡಬಡಿಸುತ್ತೀ. ಒಂದು ಅರ್ಜಿಗೆ ಮೂರು ಅವಕಾಶ ಇದೆ. ಪಾಸಾಗಿ ನರ್ಸ್ ನೋಂದಣಿಯ ಪಿನ್ ಬರುವವರೆಗೆ ಸಂಬಳ ಕಡಿಮೆ ಇರುತ್ತೆ, ಅದನ್ನು ಮೊದಲೇ ಲೆಕ್ಕ ಹಾಕಿಕೋ. ಮಾವ ವರ್ಷಕ್ಕೆ 31 ಸಾವಿರ ಪೌಂಡಿನ ಮೇಲೆ ಅಂತ ಕೇಳಿದ್ದೇ ತಡ, ರೂಪಾಯಿಗೆ ಗುಣಿಸಿ 30 ಲಕ್ಷ ದಾಟಿತು ಅಂತ ಊರಿಗೆಲ್ಲ ಹೇಳಿಕೊಂಡು ಬಂದರು. ಬಾಡಿಗೆ, ಬಸ್ಸು, ಅಕ್ಕಿ, ಸ್ವೆಟರ್ ಎಲ್ಲ ಪೌಂಡಿನಲ್ಲೇ ಅನ್ನೋದು ಅವರ ಲೆಕ್ಕದಲ್ಲಿ ಇಲ್ಲ. ತೆರಿಗೆ, ಪಿಂಚಣಿ ಮೊದಲೇ ಹಿಡಿಯುತ್ತಾರೆ. ಮನೆ ಹಿಡಿಯುವಾಗ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವ ಹಾಗಿಲ್ಲ, ಇಂಗ್ಲೆಂಡಿನಲ್ಲಿ ಅದು ಕಾನೂನು. ನಿನ್ನ ಹೆಸರಿನ ರಸೀದಿ ಇಲ್ಲದೆ ದುಡ್ಡು ಕೊಡಬೇಡ. ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ. ಜೋಪಾನ ಮಾಡುತ್ತೇವೆ ಅಂತ ಯಾರೇ ಕೇಳಿದರೂ ಕೊಡಬೇಡ. ಒರಿಜಿನಲ್ ಸರ್ಟಿಫಿಕೇಟ್ ತೋರಿಸು, ಜೆರಾಕ್ಸ್ ಕೊಡು, ಒರಿಜಿನಲ್ ವಾಪಸ್ ಫೈಲಿಗೆ ಹಾಕು. ರಾಯಚೂರಿನ ಕಪಾಟು ಒಂದು ಸಾಕು.

ನರ್ಸ್‌ಗಳ ಸಂಘ ಇದೆ ಅಲ್ಲಿ, ಆರ್‌ಸಿಎನ್ ಅಂತ. ಅಲ್ಲಿಗೆ ಹೋದ ಮೊದಲ ತಿಂಗಳೇ ಸೇರು. ಚಂದಾ ಉಳಿಸಲು ಹೋಗಬೇಡ. ಮೇಲಿನವರು ಬೈದರೆ, ಒಂದೇ ಸಮನೆ ನೈಟ್ ಹಾಕಿದರೆ, ಜ್ವರ ಬಂದರೂ ಬಾ ಅಂದರೆ ಅವರಿಗೆ ಹೇಳು. ಜ್ವರ ಬಂದರೆ ರಜೆ ಹಾಕು. ದಯವಿಟ್ಟು ರಜೆ ಹಾಕು. ನಾನು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇನೆ ಅಂತ ನಿನಗೆ ಬೇಜಾರಾಗಬಹುದು. ಆದರೆ ಆ ವಾರ್ಡಿನಲ್ಲಿ ನಿಂತು ನೋಡಿದವಳು ನಾನು. ಮುದುಕಿಗೆ 'ಹೆದರಬೇಡಿ ಅಜ್ಜಿ, ಇರುವೆ ಕಚ್ಚಿದ ಹಾಗೆ ಅಷ್ಟೇ' ಅಂತ ಹೇಳುತ್ತಿದ್ದೆ ನೀನು. ನಿನಗೆ ಯಾರು ಹೇಳಿದ್ದರು?

ಅಲ್ಲಿ ಕೆಲಸ ಹೋದರೆ ಇನ್ನೊಂದು ಆಸ್ಪತ್ರೆ ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನ ಕೊಡುತ್ತಾರಂತೆ. ಅಷ್ಟರಲ್ಲಿ ಸಿಕ್ಕರೆ ಸರಿ. ಸಿಗದಿದ್ದರೆ ಬಾ. ಸಿಕ್ಕಿಯೂ ಮನಸ್ಸಿಲ್ಲದಿದ್ದರೂ ಬಾ. ಕಟ್ಟಬೇಕಾದ ಹಣ ಎಷ್ಟೇ ಇರಲಿ, ಕಂತು ಮಾಡಿಕೊಂಡು ಕಟ್ಟೋಣ. ನಿಮ್ಮಪ್ಪನಿಗೂ ನಿನ್ನೆ ಇದನ್ನು ಹೇಳಿದೆ. ಅವರು ತಲೆಯಾಡಿಸಿದರು. ಊರವರು ಮಾತಾಡುತ್ತಾರೆ, ಆಡಲಿ.

ಕೋಚಿಂಗ್‌ಗೆ ಬೇಗ ದುಡ್ಡು ಹೊಂದಿಸಲು ಆಗಲಿಲ್ಲ, ನಿನ್ನ ಗೆಳತಿಯರು ನಿನಗಿಂತ ಮೊದಲೇ ಹೋದರು. ಆ ಹೊಟ್ಟೆನೋವು ನನಗಿದೆ, ಕ್ಷಮಿಸು. ನೀನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಹಗುರ ಆಗುತ್ತಿತ್ತು.

ಈಗ ಎರಡು ಮಾತು ಕೊಡು. ಮೊದಲ ಆರು ತಿಂಗಳು ಮನೆಗೆ ಒಂದು ರೂಪಾಯಿಯೂ ಕಳಿಸಬೇಡ. ಆ ದುಡ್ಡು ವಾಪಸ್ ಬರುವ ಟಿಕೆಟ್ಟಿಗೆ ಅಂತ ನಿನ್ನ ಬ್ಯಾಂಕಿನಲ್ಲೇ ಇರಲಿ. ಬರುತ್ತೀಯೋ ಬಿಡುತ್ತೀಯೋ, ಇರಲಿ. ಎರಡನೆಯದು, ಭಾನುವಾರ ಫೋನ್ ಮಾಡಿದಾಗ 'ಆರಾಮ್' ಅಂತ ಹೇಳಬೇಡ. ಏನು ಉಂಡೆ, ಎಷ್ಟು ಗಂಟೆ ಮಲಗಿದೆ, ಯಾರು ಬೈದರು, ಅದನ್ನು ಹೇಳು.

ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಪುಡಿ ಇವೆ. ತುಪ್ಪದ ಡಬ್ಬಿ ತೆಗೆದಿದ್ದೇನೆ, ಹಾಲಿನ ಪದಾರ್ಥ ಅಲ್ಲಿ ಬಿಡಲ್ಲ ಅಂತ ತಮ್ಮ ಹೇಳಿದ. ಕರಾರಿನ ಬಗ್ಗೆ ಇಮೇಲ್ ಕಳಿಸಿದ ಮೇಲೆ ಅವನಿಗೂ ಒಂದು ಕಾಪಿ ಹಾಕು. ಉತ್ತರ ಬಂದ ದಿನ ಕೂತು ಓದುತ್ತೇವೆ.

ನಿನ್ನ
ಅವ್ವ