ಮಗಳಿಗೊಂದು ಪತ್ರ: ತಾರೀಖು ಮುಗಿದ ತರಕಾರಿಯ ಬಗ್ಗೆ

ಪ್ರೀತಿಯ ಮಗಳೇ,

ಫ್ರಿಜ್‌ನಲ್ಲಿರುವುದನ್ನೆಲ್ಲ ಫೋಟೋ ತೆಗೆದು ಕಳಿಸಿ, "ಅಪ್ಪಾ, ಎಲ್ಲದರ ತಾರೀಖೂ ಮುಗಿದಿದೆ, ಎಸೆದುಬಿಡಲಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾರೆಟ್ ಇಟ್ಟುಕೋ. ಹೆಚ್ಚಿದ ಸೊಪ್ಪಿನ ಪ್ಯಾಕೆಟ್ ಎಸೆ. ಎರಡರ ಮೇಲೂ ಒಂದೇ ತಾರೀಖು ಇದ್ದರೂ ಉತ್ತರ ಬೇರೆ ಬೇರೆ.

ತಾರೀಖಿನ ಪಕ್ಕ ಏನು ಬರೆದಿದೆ ಅಂತ ಮೊದಲು ಓದು. 'ಬೆಸ್ಟ್ ಬಿಫೋರ್' ಅಂತಿದ್ದರೆ ಅದು ರುಚಿ, ಬಣ್ಣ, ಗರಿಗರಿ ಇರುವುದರ ಮಾತು. ಮರುದಿನವೇ ತಿನ್ನಬಾರದು ಅಂತಲ್ಲ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂತಿದ್ದರೆ ಸುರಕ್ಷತೆಯ ಮಾತು ಅಂತಲೇ ತಿಳಿದುಕೋ, ದಾಟಬೇಡ. ಇಡೀ ಹಣ್ಣು, ಇಡೀ ತರಕಾರಿಯ ಮೇಲೆ ಹಾಕುವ ತಾರೀಖಂತೂ ಬರೀ ಅಂದಾಜು. ಅದನ್ನು ಯಾವಾಗ ಕಿತ್ತರು, ದಾರಿಯಲ್ಲಿ ಎಷ್ಟು ಬಿಸಿಲು ತಾಗಿತು, ನೀನು ಮನೆಗೆ ತಂದು ಎಲ್ಲಿಟ್ಟೆ, ಇದ್ಯಾವುದೂ ಆ ಸ್ಟಿಕ್ಕರಿಗೆ ಗೊತ್ತಿಲ್ಲ.

ನಿನ್ನ ಅಮ್ಮ ಎಲ್ಲವನ್ನೂ ಮೂಸಿ ನೋಡಿಯೇ ತೀರ್ಮಾನ ಮಾಡುವವಳು. ಬಹಳ ಸಲ ಅವಳೇ ಸರಿ (ಇದನ್ನು ಅವಳಿಗೆ ಓದಿ ಹೇಳಬೇಡ). ಆದರೆ ಮೂಗಿಗೆ ಎಲ್ಲವೂ ಸಿಗುವುದಿಲ್ಲ. ಆಹಾರವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೇರೆ, ನಮಗೆ ಕಾಯಿಲೆ ತರುವವು ಬೇರೆ. ಕೊಳೆಸುವವು ವಾಸನೆ ಎಬ್ಬಿಸುತ್ತವೆ, ಲೋಳೆ ಕಟ್ಟಿಸುತ್ತವೆ, ನಾವು ಎಚ್ಚರವಾಗುತ್ತೇವೆ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳಾದ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಕೆಲವು ಬಗೆಯ ಇ. ಕೋಲಿ ಹಾಗಲ್ಲ. ಅವು ಇದ್ದರೂ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದೇ ಇರಬಹುದು. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಕಾಳಿನಿಂದ ಇ. ಕೋಲಿ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ಹಳಸಿದ್ದೇನೂ ಅವರು ತಿಂದಿರಲಿಲ್ಲ. ಮೊಳಕೆ ಬರಲು ಬೇಕಾದ ತೇವ, ಬಿಸುಪು ಎರಡೂ ಬ್ಯಾಕ್ಟೀರಿಯಾ ಬೆಳೆಯಲೂ ಸಾಕು. ಹಾಗಾಗಿ ಮೊಳಕೆಕಾಳನ್ನು ಬೇಯಿಸಿ ತಿನ್ನು. ತಾರೀಖು ಮುಗಿದಿದ್ದರೆ ಯೋಚನೆಯೇ ಬೇಡ, ಎಸೆ.

ಅದಕ್ಕೇ ನಾನು ತಾರೀಖಿಗಿಂತ ಮೊದಲು ಕೇಳುವುದು: ಇದು ಇಡಿಯಾಗಿದೆಯಾ, ಹೆಚ್ಚಿದ್ದಾ? ಸಿಪ್ಪೆ ಗಟ್ಟಿಯಾಗಿರುವಷ್ಟು ದಿನ ಒಳಗಿನ ತಿರುಳು ಸಾಕಷ್ಟು ಕ್ಷೇಮ. ಕತ್ತರಿಸಿದ ಕೂಡಲೇ ರಸ ಹೊರಬರುತ್ತದೆ, ಸಿಪ್ಪೆಯ ಮೇಲಿದ್ದದ್ದು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಸುಲಿದು ತಿನ್ನುವ ಹಣ್ಣನ್ನೂ ತೊಳೆದೇ ಕತ್ತರಿಸು ಅಂತ ನಾನು ಬಡಕೊಳ್ಳುವುದು ಇದಕ್ಕೇ. ಸೋಪು ಬೇಡ, ಹರಿಯುವ ನೀರು ಸಾಕು. ಹೆಚ್ಚಿದ ಹಣ್ಣನ್ನು 2 ಗಂಟೆಗಿಂತ ಜಾಸ್ತಿ ಹೊರಗಿಡಬೇಡ. ಫ್ರಿಜ್‌ನಲ್ಲಿಟ್ಟರೂ 3-4 ದಿನದಲ್ಲಿ ಮುಗಿಸು. ಫ್ರಿಜ್ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರಲಿ. ಅಷ್ಟು ತಣ್ಣಗಿದ್ದರೂ ಲಿಸ್ಟೀರಿಯಾ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಪ್ಯಾಕೆಟ್ ಸೊಪ್ಪು ಎಷ್ಟೇ ಹಸಿರಾಗಿ ಕಂಡರೂ ಎಸೆ ಅಂದದ್ದು ಅದಕ್ಕೆ. ಗರ್ಭಿಣಿಯರು, ವಯಸ್ಸಾದವರು, ಎಳೆ ಮಕ್ಕಳು ತಿನ್ನುವುದಾದರೆ ಇನ್ನೂ ಬಿಗಿಯಾಗಿರು. ಅವರಿಗೆ ಲಿಸ್ಟೀರಿಯಾ ತುಂಬಾ ಅಪಾಯಕಾರಿ.

ಇನ್ನು ನಿನ್ನ ಕ್ಯಾರೆಟ್. ಬಾಡಿದೆ, ಬಾಗಿದರೂ ಮುರಿಯುತ್ತಿಲ್ಲ ಅಂದೆ. ನೀರು ಆರಿದೆ, ಅಷ್ಟೆ. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡು, ಚೇತರಿಸಿಕೊಳ್ಳುತ್ತದೆ. ಲೋಳೆ ಬಂದಿದ್ದರೆ ಮಾತ್ರ ಬೇಡ. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗಿದ್ದರೆ ಹೆದರಬೇಡ, ಒಳಗಿನ ಪಿಷ್ಟ ಸಕ್ಕರೆಯಾಗಿರುತ್ತದೆ, ಇನ್ನೂ ಸಿಹಿ.

ಬೂಷ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಜಿಪುಣತನ ಬಿಡು. ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿಯಲ್ಲಿ ಒಂದು ಕಡೆ ಬೂಷ್ಟು ಬಂದಿದ್ದರೆ ಸುತ್ತಲೂ, ಕೆಳಗೂ ಸುಮಾರು 2.5 ಸೆಂಟಿಮೀಟರ್ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಚಾಕು ಬೂಷ್ಟಿಗೆ ತಾಗದಿರಲಿ. ಟೊಮೆಟೊ, ಸೌತೆಕಾಯಿ, ಸ್ಟ್ರಾಬೆರಿಯಂಥ ಮೆತ್ತನೆಯವುಗಳಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಆಳಕ್ಕೆ ಇಳಿದಿರುತ್ತವೆ. ಅವನ್ನು ಪೂರ್ತಿ ಎಸೆ. ಡಬ್ಬಿಯಲ್ಲಿ ಒಂದು ಸ್ಟ್ರಾಬೆರಿಗೆ ಬೂಷ್ಟು ಬಂದಿದ್ದರೆ ಅದನ್ನೂ ಅದಕ್ಕೆ ಅಂಟಿಕೊಂಡವನ್ನೂ ತೆಗೆದು, ಉಳಿದವನ್ನು ಒಂದೊಂದಾಗಿ ನೋಡು. ಕೊಳೆತ ಸೇಬನ್ನು ಕತ್ತರಿಸಿ ಜ್ಯೂಸ್ ಮಾಡುವುದೂ ಬೇಡ. ಸೇಬಿನ ಕೊಳೆತದಲ್ಲಿ ಪ್ಯಾಟುಲಿನ್ ಅನ್ನುವ ವಿಷ ಸೇರಿರಬಹುದು, ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಆಲೂಗಡ್ಡೆ ಮೊಳೆತಿದೆ ಅಂತ ಎಸೆಯಲು ಹೊರಟಿದ್ದೀಯಲ್ಲ, ತಡೆ. ಒತ್ತಿ ನೋಡು. ಗಡ್ಡೆ ಗಟ್ಟಿಯಾಗಿದ್ದು ಮೊಳಕೆ ಚಿಕ್ಕದಾಗಿದ್ದರೆ ಮೊಳಕೆ ಬರುವ ಕಣ್ಣುಗಳನ್ನು ಆಳವಾಗಿ ಕೆತ್ತಿ ತೆಗೆದು, ಸಿಪ್ಪೆ ದಪ್ಪಗೆ ಹೆರೆದು ಬಳಸಬಹುದು. ಸುಕ್ಕುಗಟ್ಟಿ ಉದ್ದುದ್ದ ಮೊಳಕೆ ಬಿಟ್ಟಿದ್ದರೆ ಬೇಡ. ಹಸಿರು ತಿರುಗಿದ್ದರೂ ಹುಷಾರು. ಆ ಹಸಿರು ಬಣ್ಣದಿಂದ ತೊಂದರೆಯಿಲ್ಲ, ಅದು ಎಲೆಯಲ್ಲಿರುವ ಬಣ್ಣವೇ. ಆದರೆ ಅದನ್ನು ಬರಿಸಿದ ಬೆಳಕೇ ಸೊಲನಿನ್ ಅನ್ನುವ ವಿಷವನ್ನೂ ಹೆಚ್ಚಿಸುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ಹಸಿರು ಸ್ವಲ್ಪವೇ ಇದ್ದರೆ ಕೆತ್ತಿ ತೆಗೆ, ತುಂಬ ಹರಡಿದ್ದರೆ ಎಸೆ. ಬೇಯಿಸಿದ ಮೇಲೆ ಬಾಯಿಗೆ ಕಹಿ ಬಂತೋ, ಉಗಿದುಬಿಡು. ಈರುಳ್ಳಿ, ಬೆಳ್ಳುಳ್ಳಿ ಮೊಳೆತಿದ್ದರೆ ಈ ಗೋಜಿಲ್ಲ, ಮೆತ್ತಗಾಗಿಲ್ಲ ಅಂದರೆ ಸುಮ್ನೆ ಬಳಸು. ಮುಂದಿನ ಸಲ ಆಲೂಗಡ್ಡೆ ತಂದಾಗ ಕಿಟಕಿ ಪಕ್ಕ ಇಡಬೇಡ, ಕತ್ತಲೆ ಇರುವ ಕಪಾಟಿನಲ್ಲಿಡು.

ನಿನ್ನ
ಅಪ್ಪ