ಕೆಲಸದ ಚೀಟಿ 1147: ಇದು ಯಾವ ಕಲರ್, ನೀವೇ ಹೇಳಿ

ಇವರಿಗೆ,
ಮ್ಯಾನೇಜರ್ ಅವರು,
ಹಳೆ ಟಿವಿ ದುರಸ್ತಿ ಮತ್ತು ಕ್ಯಾಬಿನೆಟ್ ವಿಭಾಗ

ವಿಷಯ: ದುಂಡು ಪಿಕ್ಚರ್ ಟ್ಯೂಬಿನ 21 ಇಂಚಿನ ಕಲರ್ ಟಿವಿ ಮತ್ತು ಅದಕ್ಕೆಂದು ನೀವು ಮಾಡಿಕೊಟ್ಟ ಪೆಟ್ಟಿಗೆ

ಮಾನ್ಯರೇ,

ಆರು ಸಲ ಫೋನ್ ಮಾಡಿದೆ. ಆರು ಸಲವೂ "ಟೆಕ್ನಿಷಿಯನ್ ಹೊರಗೆ ಹೋಗಿದ್ದಾರೆ, ಬಂದ ಕೂಡ್ಲೇ ಹೇಳ್ತೀವಿ" ಅಂದಿರಿ. ಅವರು ಇನ್ನೂ ಬಂದಿಲ್ಲ ಎಂದರೆ ದಯವಿಟ್ಟು ಹುಡುಕಿಸಿ. ನನಗೂ ಗಾಬರಿಯಾಗುತ್ತಿದೆ. ಈ ಪತ್ರವನ್ನು ಸಮಾಧಾನದಿಂದಲೇ ಬರೆಯಬೇಕು ಎಂದುಕೊಂಡು ಕೂತಿದ್ದೇನೆ. ಎಷ್ಟು ಸಾಲಿನವರೆಗೆ ಆಗುತ್ತದೋ ನೋಡೋಣ.

ಸೆಟ್ 1960ರ ದಶಕದ್ದು, ವಾಲ್ವ್ ಸೆಟ್, ಅಂದರೆ ಟ್ರಾನ್ಸಿಸ್ಟರ್ ಬದಲು ಕಾದು ಕೆಲಸ ಮಾಡುವ ಗಾಜಿನ ಬುರುಡೆಗಳದ್ದು. ಹಳೆ ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತು, ಒಳಗಿನ ಚಾಸಿ, ಅಂದರೆ ಪಾರ್ಟುಗಳೆಲ್ಲ ಕೂತಿರುವ ತಗಡಿನ ಚೌಕಟ್ಟು, ಮಾತ್ರ ಗಟ್ಟಿಯಾಗಿತ್ತು. ಕೊಟ್ಟ ಕೆಲಸ ಎರಡೇ. ಚಾಸಿ ರಿಪೇರಿ ಮಾಡಿ, ಹಳೆ ಅಳತೆಯಲ್ಲೇ ಹೊಸ ಪೆಟ್ಟಿಗೆ ಮಾಡಿಕೊಡಿ ಎಂದೆ. ಅಳತೆಯ ಕಾಗದವನ್ನೂ ನಾನೇ ಬರೆದುಕೊಟ್ಟೆ, ಅದರ ಮೇಲೆ ನಿಮ್ಮವರ ಸಹಿ ಇದೆ. ನಿಮ್ಮ ಚೀಟಿಯ ಹಿಂಬದಿಯಲ್ಲಿರುವ ಷರತ್ತುಗಳು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚು ಹಾಕಿಸಿದವರು ನೀವೇ ಅಲ್ವಾ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ವೆನೀರ್ ಕೆಲಸ, ಮೇಲೆ ಅಂಟಿಸಿದ ತೆಳು ಮರದ ಪದರ, ಸೊಗಸಾಗಿದೆ. ಮುಂದಿನ ಎರಡು ಬಾಗಿಲು ಮುಚ್ಚಿದರೆ ಮರದ ಗೆರೆಗಳು ಆ ಕಡೆಯಿಂದ ಈ ಕಡೆಗೆ ತಪ್ಪದೆ ಕೂಡುತ್ತವೆ. ಬಡಗಿಯ ಮೇಲೆ ನನ್ನ ದೂರಿಲ್ಲ. ಇದರೊಳಗೆ ಟಿವಿ ಕೂರುತ್ತದೆ ಎಂದು ಅವರಿಗೆ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಾಪ, ಬೀರು ಅಂದುಕೊಂಡು ಮಾಡಿದ್ದಾರೆ.

ಸೆಟ್ ಮನೆಗೆ ಬಂದ ದಿನವೇ ಪರದೆಯ ಬಲಗಡೆ ಕೆಳಮೂಲೆ ಹಸಿರಾಗಿತ್ತು. ಯಾರು ಆ ಮೂಲೆಗೆ ಬಂದು ನಿಂತರೂ ಮೊಣಕಾಲಿನಿಂದ ಕೆಳಗೆ ಪಾಚಿ ಹಿಡಿದ ಹಾಗೆ ಕಾಣುತ್ತಿದ್ದರು. ಫೋಟೋ ತೆಗೆದುಕೊಂಡು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿ ನಡೆದದ್ದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

ನನ್ನ ಮುಂದೆ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡ ಒಬ್ಬರಿದ್ದರು. ಹಿಂದೆ ತಾಯಿ, ಮಗಳು. ಸೂಪರ್‌ವೈಸರ್ ಅವರು ಫೋಟೋವನ್ನು ಒಂದು ಸಲ ನೆಟ್ಟಗೆ, ಒಂದು ಸಲ ತಲೆಕೆಳಗಾಗಿ ನೋಡಿದರು. "ಚೆನ್ನಾಗೇ ಇದೆಯಲ್ಲ ಸರ್" ಅಂದರು. ಮೂಲೆ ಹಸಿರಾಗಿದೆ ಅಂದೆ. "ಮೊಬೈಲ್ ಫೋಟೋದಲ್ಲಿ ಹಂಗೇ ಬರುತ್ತೆ" ಅಂದರು. ಕಣ್ಣಿಗೂ ಹಾಗೇ ಕಾಣುತ್ತದೆ ಅಂದೆ. ಅದೇ ನನ್ನ ತಪ್ಪು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು, "ಸರ್, ಬೇಜಾರು ಮಾಡ್ಕೋಬೇಡಿ, ಕಣ್ಣು ಯಾವಾಗ ತೋರಿಸಿದ್ರಿ?" ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಮೇಜಿನ ಮೇಲಿದ್ದ ರಸೀದಿ ಪುಸ್ತಕ ಎತ್ತಿ ಹಿಡಿದರು. "ಇದು ಯಾವ ಕಲರ್?"

ಕೆಂಪು ಅಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಈ ವಯಸ್ಸಿನಲ್ಲೂ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಚಟ. "ಭೇಷ್" ಅಂದರು. ಆಮೇಲೆ ಧೂಳು ಒರೆಸುವ ಬಟ್ಟೆ ಬಂತು. ಹಸಿರು ಅಂದೆ. ಆಮೇಲೆ ಪೆನ್ನಿನ ಮುಚ್ಚಳ. ನೀಲಿ ಅಂದೆ. "ನೋಡಿದ್ರಾ! ಇದು ನೇರಳೆ. ಅದಕ್ಕೇ ಕೇಳಿದ್ದು" ಎಂದು ಇಸ್ತ್ರಿ ಪೆಟ್ಟಿಗೆಯವರ ಕಡೆ ತಿರುಗಿದರು. ಅವರು ನಕ್ಕರು. ಒಳಗಿದ್ದ ಹುಡುಗ ನಕ್ಕ. ಹಿಂದಿದ್ದ ಮಗು ಮಾತ್ರ "ಅದು ನೀಲಿನೇ ಅಲ್ವಾ ಅಮ್ಮ?" ಅಂತು. ತಾಯಿ ಸುಮ್ನಿರು ಎಂದು ಅದರ ಕೈ ಎಳೆದರು.

ಬರುವಾಗ ಅದೇ ಪೆನ್ನು ಕೊಂಡೆ. ಡಬ್ಬದ ಮೇಲೆ ನೀಲಿ ಎಂದೇ ಇದೆ. ಈ ಪತ್ರ ಬರೆಯುತ್ತಿರುವುದು ಅದರಲ್ಲೇ.

ಕಣ್ಣು ಸರಿಯಿಲ್ಲದವನು ಮನೆಗೆ ಬಂದು ಏನು ಮಾಡಿದ ಎಂದು ಕೇಳಿ. ಟ್ಯೂಬಿನಲ್ಲಿ ಒಂದೊಂದು ಬಣ್ಣದ ಕಿರಣ ಹೊಡೆಯಲು ಒಂದೊಂದು ಗನ್ ಇದೆ, ಹಸಿರು ಮತ್ತು ನೀಲಿ ಗನ್ನಿನ ಸ್ಕ್ರೀನ್ ಕಂಟ್ರೋಲ್ ಇಳಿಸಿ ಕೆಂಪೊಂದನ್ನೇ ಬಿಟ್ಟೆ. ಪರದೆ ಪೂರ್ತಿ ಕೆಂಪಾಗಬೇಕಿತ್ತು, ಮೂಲೆ ಹಸಿರೇ ಇತ್ತು. ಟ್ಯೂಬಿಗೆ ಅಂಟಿದ ಆಯಸ್ಕಾಂತ ಗುಣ ತೆಗೆಯುವ ಡಿಗಾಸಿಂಗ್ ಕಾಯಿಲ್ ಹಿಡಿದು ಪರದೆಯ ಮುಂದೆ ಸುತ್ತಿಸಿ, ಸುತ್ತಿಸುತ್ತಲೇ ಹಿಂದೆ ಬಂದೆ. ಸ್ವಲ್ಪ ಸರಿಹೋದಂತೆ ಕಂಡಿತು, ಆದರೆ ಹಸಿರು ಪೂರ್ತಿ ಹೋಗಲಿಲ್ಲ. ಆಗ ಮುಂದಿನ ಜಾಲರಿ ಬಿಚ್ಚಿ, ವಯರ್ ಕೀಳದೆ ಸ್ಪೀಕರನ್ನು ಹಾಗೇ ಹೊರಕ್ಕೆ ತಂದೆ. ಒಂದು ಗೇಣು ದೂರ ಬಂದ ಕೂಡಲೇ ಹಸಿರು ಕುಗ್ಗಿತು. ಎರಡು ಗೇಣಿಗೆ ಮಾಯ. ಮತ್ತೆ ಹತ್ತಿರ ಹಿಡಿದೆ, ನೀರಿನಲ್ಲಿ ಬಣ್ಣ ಕದಡಿದ ಹಾಗೆ ಮೂಲೆಯಿಂದ ಹರಿದು ಬಂತು. ನಾಲ್ಕೈದು ಸಲ ಮಾಡಿ ನೋಡಿದೆ. ನಿಜ ಹೇಳಬೇಕೆಂದರೆ, ಅದೊಂದು ಹತ್ತು ನಿಮಿಷ ಖುಷಿಯಾಗಿತ್ತು.

ಹಳೆ ಸ್ಪೀಕರಿನದು ಅಲ್ನಿಕೊ ಎಂಬ ಮಿಶ್ರಲೋಹದ ಆಯಸ್ಕಾಂತ, ಕಬ್ಬಿಣದ ಬಟ್ಟಲಿನೊಳಗೆ ಕೂತಿತ್ತು, ಅದರ ಸೆಳೆತ ಹೊರಗೆ ಅಷ್ಟಾಗಿ ಸೋರುತ್ತಿರಲಿಲ್ಲ. ನೀವು ನನ್ನನ್ನು ಕೇಳದೆ ಅದನ್ನು ತೆಗೆದು, ದೊಡ್ಡ ಫೆರೈಟ್ ಆಯಸ್ಕಾಂತದ ಬಳೆಯಿರುವ ಸ್ಪೀಕರನ್ನು ಟ್ಯೂಬಿಗೆ ಮೂರು ಇಂಚು ದೂರದಲ್ಲಿ ಕೂರಿಸಿದ್ದೀರಿ. ಮೂರು ಕಿರಣ ಶ್ಯಾಡೋ ಮಾಸ್ಕ್ ಎಂಬ, ಪರದೆಯ ಹಿಂದಿರುವ ತಗಡಿನ ತೂತಿನಲ್ಲಿ ತೂರಿ ಅವರವರ ಚುಕ್ಕೆಗೇ ಬೀಳಬೇಕಾದ ಟ್ಯೂಬ್ ಇದು. ಪಕ್ಕದಲ್ಲಿ ಆಯಸ್ಕಾಂತ ಇಟ್ಟರೆ ಕೆಂಪಿನ ಕಿರಣ ಹಸಿರಿನ ಮನೆಗೆ ಹೋಗುತ್ತದೆ. ದುರಸ್ತಿ ವಿಭಾಗಕ್ಕೆ ಇದನ್ನು ಗ್ರಾಹಕ ಹೇಳಿಕೊಡಬೇಕೇ? ಬಿಲ್ಲಿನಲ್ಲಿ ಇದಕ್ಕೆ "ಸೌಂಡ್ ಸುಧಾರಣೆ" ಎಂಬ ಸಾಲೂ ಇದೆ. ಸೌಂಡ್ ಚೆನ್ನಾಗಿಯೇ ಇದೆ. ಹಸಿರು ಮೂಲೆ ಜೋರಾಗಿ ಕೇಳಿಸುತ್ತದೆ.

ಇಷ್ಟಾದ ಮೇಲೆ ಸೆಟ್ ಆಫ್ ಮಾಡಿ, ಪ್ಲಗ್ ಕಿತ್ತು, ಮಾರನೇ ದಿನ ಹಿಂಬದಿ ಬಿಚ್ಚಿದೆ. ಬಿಚ್ಚಬಾರದಿತ್ತು. ಹಳೆಯ ತೂತು ತೂತಿನ ಹಲಗೆಯ ಜಾಗದಲ್ಲಿ ಗಟ್ಟಿ ಪ್ಲೈವುಡ್, ಗಾಳಿಗೆಂದು ಎರಡೇ ತೂತು. ಎರಡು ಡಜನ್ ವಾಲ್ವ್ ಕಾಯುವ ಪೆಟ್ಟಿಗೆಗೆ ಎರಡು! ಹಲಗೆ ತೆಗೆದರೆ ಕರೆಂಟ್ ತಾನೇ ಕಡಿದುಹೋಗುವ ಪ್ಲಗ್ ಇತ್ತು. ಅದನ್ನು ಕತ್ತರಿಸಿ ವಯರನ್ನು ನೇರ ಬೆಸುಗೆ ಹಾಕಿದ್ದೀರಿ.

ನಿಮ್ಮ ಷರತ್ತಿನ ಪ್ರಕಾರ ಹಳೆ ಪಾರ್ಟ್ ಹಾಕಿಕೊಟ್ಟ ಚೀಲವನ್ನೂ ಅವತ್ತೇ ತೆರೆದೆ. ಹದಿನಾಲ್ಕು ಕೆಪಾಸಿಟರ್. ಅದರಲ್ಲಿ ಒಂಬತ್ತರ ಮೇಲೆ 6.3 ವೋಲ್ಟ್ ಎಂದಿದೆ, ನನ್ನ ಸೆಟ್ಟಿನವಲ್ಲ, ಯಾವುದೋ ಕಂಪ್ಯೂಟರ್ ಬೋರ್ಡಿನವು. ಫೋನಿನಲ್ಲಿ ಕೇಳಿದರೆ "ವಾಲ್ವ್ ಹೀಟರ್ 6.3 ವೋಲ್ಟೇ ಅಲ್ವಾ ಸರ್" ಎಂಬ ಉತ್ತರ. ಹೀಟರ್ ಎಂದರೆ ವಾಲ್ವ್ ಕಾಯಿಸುವ ತಂತಿ, ಈ ಕೆಪಾಸಿಟರಿಗೂ ಅದಕ್ಕೂ ಏನು ಸಂಬಂಧ? ಈ ಬುದ್ಧಿವಂತಿಕೆಯನ್ನು ರಿಪೇರಿಗೆ ಬಳಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಚಾಸಿಯ ಮೇಲಿನ ಮೂಲ ಫಿಲ್ಟರ್ ಡಬ್ಬಗಳು, ಅಂದರೆ ಸೆಟ್ಟಿನ ಅಸಲಿ ಕೆಪಾಸಿಟರ್ ಡಬ್ಬಗಳು, ಧೂಳಿನ ಸಮೇತ ಅಲ್ಲೇ ಇವೆ.

ಚೀಲದ ತಳದಲ್ಲಿ ಒಂದು ತಗಡಿನ ಮುಚ್ಚಳ ಸಿಕ್ಕಿತು. ಮೇಲೆ ಚೀಟಿ: "ಮಿಕ್ಕಿದ್ದು". ಮಾನ್ಯರೇ, ಅದು ಮಿಕ್ಕಿದ್ದಲ್ಲ. ಹೈ ವೋಲ್ಟೇಜ್ ಗೂಡಿನ ಮುಚ್ಚಳ. ಪೆಟ್ಟಿಗೆಯ ಆಳ ನನ್ನ ಅಳತೆಗಿಂತ ಒಂದೂವರೆ ಇಂಚು ಕಮ್ಮಿ, ಮುಚ್ಚಳ ಹಲಗೆಗೆ ತಾಗಿತು, ತೆಗೆದುಹಾಕಿದಿರಿ. ಒಳಗಿರುವುದು 25 ಸಾವಿರ ವೋಲ್ಟ್. ಆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ವಾಲ್ವಿನಿಂದ ಎಕ್ಸ್‌-ರೇ ಹೊರಡಬಹುದು, ಆ ತಗಡು ಇರುವುದೇ ತಡೆಯಲು. ಆ ಕಾಲದ ಕಲರ್ ಸೆಟ್‌ಗಳ ಈ ಗಲಾಟೆಯಿಂದಲೇ 1968ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ಸೆಟ್ಟಿನ ಹೊರಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಗಂಟೆಗೆ 0.5 ಮಿಲಿರಾಂಟ್ಜನ್ (ಎಕ್ಸ್-ರೇ ಅಳೆಯುವ ಮಾನ), ಅದಕ್ಕಿಂತ ಜಾಸ್ತಿ ಇರಬಾರದು ಎಂಬ ಮಿತಿ ಅಲ್ಲಿದೆ. ನಿಮ್ಮಲ್ಲಿ ಅದು "ಮಿಕ್ಕಿದ್ದು".

ಹಣ ವಾಪಸ್ ಕೊಡಿ, ಹಳೆ ಸ್ಪೀಕರ್ ಹುಡುಕಿ ಕೊಡಿ ಎಂದು ಬರೆಯಲೆಂದೇ ಕೂತಿದ್ದೆ. ಈಗ ಅದರಲ್ಲಿ ಆಸಕ್ತಿ ಹೋಗಿದೆ. ಗ್ರಾಹಕ ನ್ಯಾಯಾಲಯಕ್ಕೆ ಕೊಡುವ ಕಾಗದ ಸಿದ್ಧವಿದೆ, ಚೀಲವೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೂ ಮೊದಲು ಬರುವ ಸೋಮವಾರ, ನೀವು ಬಾಗಿಲು ತೆರೆಯುವ ಹೊತ್ತಿಗೆ ಟಿವಿಯನ್ನು ಪೆಟ್ಟಿಗೆ ಸಮೇತ ತಂದು ನಿಮ್ಮ ಕೌಂಟರಿನ ಪಕ್ಕ ಇಡುತ್ತೇನೆ. ಹಲಗೆ ತೆಗೆದು ಮುಚ್ಚಳ ಹಾಕಿಯೇ ತರುತ್ತೇನೆ, ನಿಮ್ಮ ಗ್ರಾಹಕರ ಮೇಲೆ ನನಗೇನೂ ಸಿಟ್ಟಿಲ್ಲ. ಆನ್ ಮಾಡಿ, ಕೆಂಪೊಂದನ್ನೇ ಬಿಟ್ಟು, ಸಂಜೆಯವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಒಳಗೆ ಬಂದ ಒಬ್ಬೊಬ್ಬರಿಗೂ ಆ ಮೂಲೆ ತೋರಿಸಿ ಕೇಳುತ್ತೇನೆ, ಇದು ಯಾವ ಕಲರ್ ಅಂತ.

ಇತಿ,
ಚೀಟಿ 1147ರ ಗ್ರಾಹಕ